ಬೆಂಕಿಯ ಮೇಲಣ ವಿಹಾರ

ಅಟ್ಲಾಂಟಿಕ್ ಸಾಗರದಲ್ಲಿ, ಆಫ್ರಿಕದ ವಾಯವ್ಯ ತೀರಕ್ಕೆ ಸಮೀಪವಾಗಿ, ಸ್ಪೇನ್ ದೇಶಕ್ಕೆ ಸೇರಿದ ಲಾನ್ಸರೋಟೆ ಎಂಬ ದ್ವೀಪವಿದೆ. 1730ರ ಸೆಪ್ಟೆಂಬರ್ 1ರ ರಾತ್ರಿ ಅಲ್ಲಿಯ ನೆಲ ಬಿರಿದು ಬೆಂಕಿಯನ್ನುಗುಳತೊಡಗಿತು. 1736ರವರೆಗೂ ಅದು ತಣಿಯಲಿಲ್ಲ. ಹಳ್ಳಿಗಳೂ ಫಲವತ್ತಾದ ಹೊಲಗಳೂ ಲಾವಾರಸದಡಿಯಲ್ಲಿ ಹೂತುಹೋದುವು.

ಇಂದು ಪ್ರವಾಸಿಗಳು ಅರಸಿ ಬರುವುದು ಆ ಸುಟ್ಟ ನೆಲವನ್ನೇ. ಟಿಮಾನ್‌ಫಾಯ ರಾಷ್ಟ್ರೀಯ ಉದ್ಯಾನದಲ್ಲಿ ನೆಲದೊಳಕ್ಕಿಳಿಸಿದ ಕೊಳವೆಗೆ ಒಂದು ಬಕೆಟ್ ನೀರು ಸುರಿದರೆ, ಮರುಗಳಿಗೆಯಲ್ಲಿ ಅದು ಹಬೆಯ ಕಾರಂಜಿಯಾಗಿ ಚಿಮ್ಮುತ್ತದೆ. ಗುಂಡಿಗೆ ಹಾಕಿದ ಒಣಕಂಟಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪಕ್ಕದ ಭೋಜನಶಾಲೆಗೆ ಸೌದೆಯ ಹಂಗಿಲ್ಲ; ಭೂಗರ್ಭದ ಕಾವೇ ಅಲ್ಲಿ ಮಾಂಸವನ್ನು ಬೇಯಿಸುತ್ತದೆ. ಹಿಂದೆ ಹೊಲ ಉಳುತ್ತಿದ್ದ ಒಂಟೆಗಳು ಈಗ ಪ್ರವಾಸಿಗಳನ್ನು ಹೊತ್ತು ಬೆಟ್ಟದ ಮಗ್ಗುಲಲ್ಲಿ ಸಾಲಾಗಿ ಸಾಗುತ್ತವೆ.

ನೆಲ ಕಳೆದುಕೊಂಡ ರೈತನೂ ಸುಮ್ಮನೆ ಕೂಡಲಿಲ್ಲ. ಲಾ ಹೇರಿಯ ಎಂಬಲ್ಲಿ ಕರಿಬೂದಿಯಲ್ಲಿ ಗುಂಡಿ ತೋಡಿ, ಒಂದೊಂದರಲ್ಲಿಯೂ ದ್ರಾಕ್ಷಿಬಳ್ಳಿಯನ್ನು ನೆಟ್ಟನು. ಗಾಳಿಯ ಹೊಡೆತಕ್ಕೆ ಅಡ್ಡವಾಗಿ ಅರ್ಧಚಂದ್ರಾಕಾರದ ಕಲ್ಲುಗೋಡೆ ಕಟ್ಟಿದನು. ಮಳೆ ಅಪರೂಪವಾದ ಆ ನಾಡಿನಲ್ಲಿ, ಬೂದಿಯೇ ತೇವವನ್ನು ಹಿಡಿದಿಟ್ಟು ಬಳ್ಳಿಯನ್ನು ಸಲಹುತ್ತದೆ.

ಆದರೆ ಉದ್ಯಾನದೊಳಗೆ ಮನಬಂದಂತೆ ಅಲೆಯುವ ಹಾಗಿಲ್ಲ. ಸುಮಾರು ಮೂರು ಶತಮಾನ ಕಳೆಯುತ್ತ ಬಂದರೂ ಆ ಬಂಡೆಗಳ ಮೇಲೆ ಹಬ್ಬಿರುವುದು ಬಹುಮಟ್ಟಿಗೆ ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಳಗ ಮಾತ್ರ. ತಲೆಮಾರುಗಳ ಆ ಬೆಳೆಯನ್ನು ಒಂದು ಪಾದರಕ್ಷೆ ಕ್ಷಣದಲ್ಲಿ ಪುಡಿಮಾಡಬಲ್ಲದು. ಆದುದರಿಂದಲೇ ಹೆಚ್ಚಿನವರಿಗೆ ಬಸ್ಸಿನ ಕಿಟಕಿಯ ನೋಟವೇ ಗತಿ; ನಡೆಯಬಯಸುವವರು ಗೊತ್ತಾದ ಹಾದಿಯಲ್ಲಿ ನಡೆಯಬೇಕು. ಬೆಂಕಿ ಉಳಿಸಿದ್ದನ್ನು ಕಾಲು ಅಳಿಸಬಾರದಲ್ಲ!