ಮೊಬೈಲ್ ಮೋಹಕ್ಕೆ ಪರಸ್ಪರ ಬೋಧನೆಯೇ ಮದ್ದು

ಮೈಸೂರಿನ ಜಯಲಕ್ಷ್ಮಿಪುರಂ ವಿದ್ಯಾರ್ಥಿಗಳ ಬಡಾವಣೆ. ಮಹಾಜನ ಕಾಲೇಜು ಅಲ್ಲಿಯೇ ಇದೆ, ಮಾನಸಗಂಗೋತ್ರಿ ಸನಿಹದಲ್ಲಿದೆ. ಪರ ಊರುಗಳಿಂದ ಬಂದು ಹಾಸ್ಟೆಲ್, ಬಾಡಿಗೆ ಕೋಣೆಗಳಲ್ಲಿ ತಂಗುವ ಯುವಜನರಿಗೆ ರಾತ್ರಿಯ ಒಡನಾಡಿ ಮೊಬೈಲ್. ಹತ್ತು ನಿಮಿಷಕ್ಕೆಂದು ತೆರೆದ ರೀಲ್ಸ್ ನಡುರಾತ್ರಿಯವರೆಗೆ ಎಳೆದೊಯ್ಯುತ್ತದೆ. ಫಜ್ರ್ ನಮಾಝ್ ತಪ್ಪುತ್ತದೆ, ಮೊದಲ ತರಗತಿ ತೂಕಡಿಕೆಯಲ್ಲಿ ಕಳೆಯುತ್ತದೆ.

ಇದನ್ನು ಕೇವಲ ಸೋಮಾರಿತನವೆಂದು ಜರೆಯುವುದು ನ್ಯಾಯವಲ್ಲ. ಪುಸ್ತಕಕ್ಕೆ ಕೊನೆಯ ಪುಟವಿದೆ, ರೀಲ್ಸ್‌ಗೆ ಇಲ್ಲ. ನಾವು ನೋಡಿದಷ್ಟೂ ಜಾಹೀರಾತಿನ ಆದಾಯ ಬೆಳೆಯುವುದರಿಂದ ಅದನ್ನು ಮುಗಿಯದಂತೆಯೇ ರೂಪಿಸಲಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಇಂತಹ ಸಮಸ್ಯೆಗಳಿಗಾಗಿ 2014ರಲ್ಲಿಯೇ 'ಶಟ್' ಕ್ಲಿನಿಕ್ ತೆರೆಯಿತು. ಆ ಹೆಸರಿನ ವಿಸ್ತರಣೆಯಲ್ಲಿರುವುದು ತಂತ್ರಜ್ಞಾನದ ನಿಷೇಧವಲ್ಲ, ಅದರ ಆರೋಗ್ಯಕರ ಬಳಕೆ. ಪಾಠದ ಟಿಪ್ಪಣಿಗಳೂ ವಾಟ್ಸ್‌ಆ್ಯಪ್‌ನಲ್ಲಿ ಬರುವ ಕಾಲದಲ್ಲಿ ಫೋನ್ ಕಸಿದುಕೊಳ್ಳುವ ಪೋಷಕರು ಈ ಮಾತನ್ನು ಗಮನಿಸಬೇಕು.

ಪವಿತ್ರ ಕುರ್‌ಆನಿನ 103ನೇ ಅಧ್ಯಾಯ 'ಅಲ್ ಅಸ್ರ್' ಕಾಲದ ಮೇಲಿನ ಆಣೆಯೊಂದಿಗೆ ಆರಂಭವಾಗುತ್ತದೆ. ನಷ್ಟದಿಂದ ಪಾರಾಗುವವರ ಗುಣಗಳಲ್ಲಿ ಅದು ವಿಶ್ವಾಸ ಮತ್ತು ಸತ್ಕರ್ಮಗಳ ಜೊತೆಗೆ ಸತ್ಯ ಹಾಗೂ ಸಹನೆಯ ಪರಸ್ಪರ ಬೋಧನೆಯನ್ನೂ ಎಣಿಸುತ್ತದೆ. ಒಬ್ಬಂಟಿಯಾಗಿ ಗೆಲ್ಲಲಾಗದ ಹೋರಾಟಕ್ಕೆ ಸಂಗಾತಿಗಳು ಬೇಕೆಂಬ ಪಾಠವನ್ನು ನಾವು ಇಲ್ಲಿ ಕಾಣುತ್ತೇವೆ.

ಆದ್ದರಿಂದ ಪ್ರತಿ ಹಾಸ್ಟೆಲ್, ಮದ್ರಸ, ಮಸೀದಿಯಲ್ಲಿ ಎಂಟು ಹತ್ತು ವಿದ್ಯಾರ್ಥಿಗಳ ಚಿಕ್ಕ ಬಳಗಗಳು ಹುಟ್ಟಲಿ. ವಾರಕ್ಕೊಮ್ಮೆ ಕುಳಿತು, ಫೋನ್ ತಾನೇ ದಾಖಲಿಸುವ ಬಳಕೆಯ ಲೆಕ್ಕವನ್ನು ಪ್ರತಿಯೊಬ್ಬರೂ ಓದಿ ಹೇಳಲಿ. ಯಾರೂ ನಗಬಾರದು, ಮಾತು ಹೊರಗೆ ಹೋಗಬಾರದು. ಎಷ್ಟು ಹೊತ್ತು ನೋಡಿದೆ ಎಂಬುದಕ್ಕಿಂತ ಯಾವುದರಿಂದ ತಪ್ಪಿಸಿಕೊಳ್ಳಲು ನೋಡಿದೆ ಎಂಬ ಪ್ರಶ್ನೆ ಮುಖ್ಯ. ಒಂಟಿತನವೋ, ಪರೀಕ್ಷೆಯ ಭಯವೋ ಹೊರಬಂದರೆ ಅರ್ಧ ಹೊರೆ ಇಳಿದಂತೆ.

ಉಳಿದರ್ಧ ಸ್ವಯಂ ಶಿಸ್ತು. ನಮ್ಮ ಹಿರಿಯರು ಇದನ್ನು ಮುಹಾಸಬ, ಅಂದರೆ ಆತ್ಮವಿಚಾರಣೆ ಎಂದರು. ಅನಗತ್ಯ ನೋಟಿಫಿಕೇಶನ್‌ಗಳನ್ನು ನಿಲ್ಲಿಸಬೇಕು. ಫೋನನ್ನು ಹಾಸಿಗೆಯಿಂದ ದೂರವಿಟ್ಟು, ಎಚ್ಚರಗೊಳ್ಳಲು ಒಂದು ಅಲಾರಂ ಗಡಿಯಾರ ಕೊಳ್ಳಬೇಕು. ಬಿಟ್ಟ ಹೊತ್ತಿಗೆ ಆಟ, ಓದು, ಗೆಳೆತನವನ್ನು ತುಂಬಬೇಕು. ಖಾಲಿ ಬಿಟ್ಟ ಜಾಗಕ್ಕೆ ಹಳೆಯ ಚಟವೇ ಮರಳುತ್ತದೆ. ನಿದ್ರೆ, ಊಟ, ಕಲಿಕೆ ಕೆಟ್ಟಿದ್ದರೆ ಬಳಗವಷ್ಟೇ ಸಾಲದು. ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಲು ಸಂಕೋಚಪಡಬಾರದು.

ಇನ್ನು ಹಿರಿಯರಾದ ನಮ್ಮ ಸರದಿ. ಊಟದ ತಟ್ಟೆಯ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಮಾಡುವ ಉಪದೇಶ ಮಕ್ಕಳ ಕಿವಿಗೆ ತಲುಪದು. ಬಳಕೆಯ ಲೆಕ್ಕವನ್ನು ಮೊದಲು ಓದಿ ಹೇಳಬೇಕಾದವರು ಅಧ್ಯಾಪಕರು ಮತ್ತು ಪೋಷಕರು. ಅಲ್ಲಾಹನು ನಮ್ಮ ಸಮಯದಲ್ಲಿ ಬರಕತ್ ಕರುಣಿಸಲಿ. ಆಮೀನ್.