ಟ್ಯಾಂಕ್ ನೋಡಿ ಜಾವಾ ಅನ್ನಬೇಡ್ರಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮೊಬೈಲ್ ಗ್ರೂಪ್‌ಗಳಲ್ಲಿ ಎತ್ತು, ಪ್ಲಾಟು, ಟ್ರ್ಯಾಕ್ಟರ್ ಜೊತೆಗೆ ಈಗ ಹಳೆಯ ಗಾಡಿಗಳ ಫೋಟೊಗಳೂ ಓಡಾಡುತ್ತವೆ. ‘1965ರ ಒರಿಜಿನಲ್ ಜಾವಾ, ಒಬ್ಬರೇ ಮಾಲೀಕರು, ಅಡ್ವಾನ್ಸ್ ಹಾಕಿದವರಿಗೆ ಮೊದಲು’ ಎನ್ನುವ ಥರದವು. ನಾವು ಹೇಳುವುದಿಷ್ಟೇ: ಗಾಡಿಯ ಚಾಸಿಸ್ ನಂಬರ್ ಕಣ್ಣಾರೆ ನೋಡುವ ತನಕ ಒಂದು ರೂಪಾಯಿನೂ ಹಾಕಬೇಡ್ರಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ತಯಾರಿಸಿತು. 70ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಮೊದಮೊದಲ ಯೆಜ್ಡಿಗಳು ನೋಡಲು ಹೆಚ್ಚುಕಡಿಮೆ ಜಾವಾದಂತೆಯೇ ಇದ್ದವು. ಮೋಸಕ್ಕೆ ದಾರಿ ಅಲ್ಲೇ. ಟ್ಯಾಂಕ್ ಬದಲಿಸಿ, ಹಳೆಯ ಬ್ಯಾಡ್ಜ್ ಕೂಡಿಸಿ, ಬಣ್ಣ ಹೊಡೆದರೆ ಗಾಡಿ ಫೋಟೊದಲ್ಲಿ ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಬೆಲೆ ಮಾತ್ರ ಮುಂದಕ್ಕೆ!

ಮೂರು ಕೆಟ್ಟ ಗಾಡಿಗಳ ಸಾಮಾನು ಸೇರಿಸಿ ಒಂದು ಓಡುವ ಗಾಡಿ ಎಬ್ಬಿಸಿದ ಮಿಸ್ತ್ರಿಯನ್ನು ನಾವು ಬೈಯುವುದಿಲ್ಲ. ಅದು ಅವನ ಕಸುಬು, ಅದಕ್ಕೊಂದು ಬೆಲೆಯೂ ಇದೆ. ಅದನ್ನೇ ‘ಒರಿಜಿನಲ್’ ಎಂದು ಮಾರುವವನ ಮೇಲೆ ನಮ್ಮ ತಕರಾರು. ‘ವಿಂಟೇಜ್ ನಂಬರ್ ಸಿಗತದ’ ಎಂಬ ಆಸೆಯನ್ನೂ ಅವನು ಹಚ್ಚುತ್ತಾನೆ. 2021ರ ಕೇಂದ್ರ ನಿಯಮದ ಪ್ರಕಾರ ವಿಎ ಸರಣಿಯ ನಂಬರ್ ಸಿಗುವುದು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗದ ಗಾಡಿಗೆ ಮಾತ್ರ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಜೋಡಿಸಿದ ಗಾಡಿಗೆ ಈ ದಾರಿ ಮುಚ್ಚಿದೆ.

ಪರೀಕ್ಷೆ ಕಷ್ಟದ್ದೇನಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ನೋಂದಣಿ ದಿನಾಂಕ ನೋಡಿ. ಗಾಡಿಯ ಮುಂದೆ ನಿಂತು ಎಂಜಿನ್, ಚಾಸಿಸ್ ನಂಬರ್‌ಗಳನ್ನು ಆರ್‌ಸಿ ಜೊತೆ ಹೋಲಿಸಿ. ನಂಬರ್ ಇರುವ ಜಾಗ ಉಜ್ಜಿದಂತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಸೋಲಾಪುರ, ಅಕ್ಕಲಕೋಟ ನಮಗೆ ಹತ್ತಿರ, ಎಂಎಚ್ ನಂಬರಿನ ಗಾಡಿಗಳು ಸಹಜ. ಆದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಇಲ್ಲದೆ ಅದು ಕೆಎ 32 ಆಗುವುದಿಲ್ಲ. ಮಾರುವವ ‘ಮಿಲಿಟರಿಯಲ್ಲಿದ್ದೀನಿ, ಗಾಡಿ ಪಾರ್ಸೆಲ್‌ನಲ್ಲಿ ಕಳಿಸ್ತೀನಿ’ ಅಂದರೆ ಮಾತು ಬೆಳೆಸಲೇಬೇಡಿ.

ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಜಾಹೀರಾತು, ಚಾಟ್, ದುಡ್ಡು ಕಟ್ಟಿದ ವಿವರ ಅಳಿಸಬೇಡಿ. ಠಾಣೆಯವರಲ್ಲಿ ನಮ್ಮದೊಂದು ಕೇಳಿಕೆ: ದೂರು ತಂದವನಿಗೆ ‘ನೀನೇ ಹಾಕಿದ ದುಡ್ಡಲ್ಲಪಾ’ ಅನ್ನುವ ಮೊದಲು ಆ ಚಾಸಿಸ್ ನಂಬರ್ ಯಾರ ಹೆಸರಿನಲ್ಲಿದೆ ಎಂದು ನೋಡಿ. ಅದು ಕಳವಾದ ಗಾಡಿಯದೂ ಆಗಿರಬಹುದು.