ಪಕ್ಕದ ಮನೆಯವರ ಇನ್‌ಹೇಲರ್ ನಿಮ್ಮ ಅಜ್ಜಿಗೂ ಆಗುತ್ತದೆಯೇ?

“ನಮ್ಮ ಮಾವನಿಗೆ ಈ ಇನ್‌ಹೇಲರ್‌ನಿಂದ ಗುಣ ಕಂಡಿತು, ನೀವೂ ಇದನ್ನೇ ತಗೊಳ್ಳಿ” ಎಂಬ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಅದನ್ನು ಮುಂದಕ್ಕೆ ಕಳಿಸುವ ಮುನ್ನ ಇದು ತಿಳಿದಿರಲಿ: ಒಳಗಿನ ಔಷಧಿ ಒಂದೇ ಆದರೂ ಸಾಧನ ಎಲ್ಲರಿಗೂ ಒಗ್ಗುವುದಿಲ್ಲ.

ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಂಥ ಊರಿನಲ್ಲಿ ನಲವತ್ತು ವರ್ಷ ಸೌದೆ ಒಲೆ ಊದಿದ ಒಬ್ಬ ಅಜ್ಜಿ ಇದ್ದಾರೆ ಎಂದುಕೊಳ್ಳಿ. ಅವರು ಬೀಡಿ ಮುಟ್ಟಿದವರಲ್ಲ. ಆದರೂ ಒಲೆಯ ಹೊಗೆಯಿಂದಲೇ ಸಿಒಪಿಡಿ ಬರಬಹುದು. ಇದು ಶ್ವಾಸನಾಳಗಳು ಕಿರಿದಾಗಿ, ಉಸಿರು ಪೂರ್ತಿ ಹೊರಗೆ ಬಾರದ ದೀರ್ಘಕಾಲದ ಕಾಯಿಲೆ. 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಇದು ಇತ್ತೆಂದು ಅಂದಾಜಿಸಲಾಗಿದೆ.

ಯಾರಿಗೆ ಯಾವುದು?

ಪುಡಿ ಇನ್‌ಹೇಲರ್: ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್ ಈ ಬಗೆಯದು. ಇದರಲ್ಲಿ ಗ್ಯಾಸ್ ಇರುವುದಿಲ್ಲ. ಪುಡಿಯನ್ನು ಒಳಗೆ ಒಯ್ಯುವುದು ರೋಗಿಯ ಉಸಿರೇ. ಹಾಗಾಗಿ ಜೋರಾಗಿ, ಆಳವಾಗಿ ಎಳೆಯಬೇಕು. ಅಜ್ಜಿಗೆ ಅಷ್ಟು ಶಕ್ತಿ ಇಲ್ಲದಿದ್ದರೆ ಪುಡಿ ಬಾಯಲ್ಲೇ ಉಳಿಯುತ್ತದೆ.

ಪಂಪ್ ಇನ್‌ಹೇಲರ್: ಇಲ್ಲಿ ಇದಕ್ಕೆ ತದ್ವಿರುದ್ಧ. ಚೆನ್ನಾಗಿ ಅಲ್ಲಾಡಿಸಿ, ಒತ್ತುತ್ತಲೇ ನಿಧಾನವಾಗಿ ಉಸಿರೆಳೆದು, ಆಮೇಲೆ ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗದಿದ್ದರೆ ಔಷಧಿ ಗಂಟಲಿಗೆ ಬಡಿದು ಅಲ್ಲೇ ನಿಲ್ಲುತ್ತದೆ.

ಸ್ಪೇಸರ್: ಪಂಪಿಗೆ ಜೋಡಿಸುವ ಟೊಳ್ಳು ಕೊಳವೆ. ಔಷಧಿ ಅದರಲ್ಲಿ ಸ್ವಲ್ಪ ಹೊತ್ತು ತೇಲುವುದರಿಂದ ಒತ್ತಿದ ಕ್ಷಣವೇ ಎಳೆಯಬೇಕೆಂಬ ಒತ್ತಡವಿಲ್ಲ. ಉಸಿರು ಕಡಿಮೆ ಇರುವ ಅನೇಕ ಹಿರಿಯರಿಗೆ ಇದೇ ಸುಲಭ. ಬೆರಳುಗಳಲ್ಲಿ ಬಲವಿಲ್ಲದಿದ್ದರೆ ಮನೆಯವರೇ ಒತ್ತಿಕೊಡಬಹುದು.

ನೆಬ್ಯುಲೈಸರ್: ಮೇಲಿನ ಯಾವುದನ್ನೂ ಬಳಸಲಾಗದವರಿಗೆ ನೆರವಾಗುತ್ತದೆ. ಆದರೆ ಅದು ದೊಡ್ಡ ಯಂತ್ರವೆಂದ ಮಾತ್ರಕ್ಕೆ ಹೆಚ್ಚು ಪರಿಣಾಮಕಾರಿ ಎಂದಲ್ಲ. ಸರಿಯಾಗಿ ತೊಳೆಯದಿದ್ದರೆ ಸೋಂಕಿಗೂ ದಾರಿ.

“ಇನ್‌ಹೇಲರ್ ಚಟವಾಗುತ್ತದೆ, ಮಾತ್ರೆಯೇ ಮೇಲು” ಎನ್ನುವುದು ನಿಜವೇ?

ಅಲ್ಲ. ಸಾಲ್ಬುಟಮಾಲ್ ಮಾತ್ರೆಯಲ್ಲಿ ಸಾಮಾನ್ಯವಾಗಿ 2 ಅಥವಾ 4 ಮಿಲಿಗ್ರಾಂ ಔಷಧಿ ಇರುತ್ತದೆ. ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೊಗ್ರಾಂ, ಅಂದರೆ 4 ಮಿಲಿಗ್ರಾಂ ಮಾತ್ರೆಯ ನಲವತ್ತನೇ ಒಂದು ಭಾಗ. ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಅಷ್ಟೇ ಸಾಕಾಗುತ್ತದೆ. ದಿನವೂ ಬೇಕಾಗುವುದು ಕಾಯಿಲೆ ದೀರ್ಘಕಾಲದ್ದಾದ್ದರಿಂದ, ಚಟದಿಂದಲ್ಲ.

ಹಾಗಾದರೆ ಏನು ಮಾಡಬೇಕು?

“ಇನ್‌ಹೇಲರ್ ಕೆಲಸ ಮಾಡ್ತಿಲ್ಲ” ಎಂದು ಅಜ್ಜಿ ಹೇಳಿದರೆ ನಿಲ್ಲಿಸಬೇಡಿ, ಬೇರೆಯವರದ್ದನ್ನೂ ಕೊಡಬೇಡಿ. ಮುಂದಿನ ಸಲ ಸಾಧನವನ್ನು ವೈದ್ಯರ ಹತ್ತಿರ ಒಯ್ದು, ಮನೆಯಲ್ಲಿ ಬಳಸುವ ಹಾಗೆಯೇ ಅವರ ಮುಂದೆ ಬಳಸಿ ತೋರಿಸಲಿ. ಎಷ್ಟೋ ಸಲ ಬದಲಾಗಬೇಕಾದದ್ದು ಔಷಧಿಯಲ್ಲ, ಸಾಧನ ಅಥವಾ ಬಳಸುವ ರೀತಿ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಆದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು.

ಒಂದು ವಾಕ್ಯ ಮಾತಾಡಲೂ ಆಗದಷ್ಟು ಉಬ್ಬಸ ಬಂದರೆ, ತುಟಿ ನೀಲಿಯಾದರೆ ಕಾಯಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.